ಮ್ಯಾಕ್‌ಬೆತ್ ಸಿನಿಮಾ ಬರೆಯಹೊರಟ ತಂಗಿಗೆ

ಪ್ರೀತಿಯ ತಂಗಿ,

ಶೇಕ್ಸ್‌ಪಿಯರ್‌ನ ‘ಮ್ಯಾಕ್‌ಬೆತ್’ ನಾಟಕ ಇಟ್ಟುಕೊಂಡು ನೀನು ಬರೆದ ಚಿತ್ರಕಥೆ ಪೂರ್ತಿ ಓದಿದೆ. ಚೆನ್ನಾಗಿದೆ ಅಂತ ಎರಡು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು, ಆದರೆ ಅದರಿಂದ ನಿನಗೇನೂ ಉಪಯೋಗ ಇಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಕೋಪ ಬಂದರೆ ಬರಲಿ, ಕೊನೆತನಕ ಓದು.

ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ‘ಇಡೀ ಸಿನಿಮಾ ಕಪ್ಪು-ಬಿಳುಪು’ ಅಂತ ಹಾಕಿದ್ದೀಯ. ಯಾಕಮ್ಮಾ ಅಂತ ಕೇಳಿದರೆ ‘ದುರಂತ ನಾಟಕ ಅಲ್ವಾ, ಅದಕ್ಕೆ ಹೊಂದುತ್ತೆ’ ಅಂದೆ. ಅದು ಕಾರಣವಲ್ಲ. ಮುಂದೆ ಓದುತ್ತಾ ಹೋದರೆ ಬಣ್ಣ ಇಲ್ಲ ಅನ್ನುವುದರಿಂದ ಯಾವ ದೃಶ್ಯವೂ ಬೇರೆ ಥರ ಆಗಿಲ್ಲ. ಒಂದು ಕಡೆಯಂತೂ ‘ಅವಳು ಕೆಂಪು ರೇಷ್ಮೆಯಲ್ಲಿ ಬೆಂಕಿಯಂತೆ ಬರುತ್ತಾಳೆ’ ಅಂತಲೇ ಬರೆದಿದ್ದೀಯ. ಕಪ್ಪು-ಬಿಳುಪಿನಲ್ಲಿ ಕೆಂಪು ಎಲ್ಲಿಂದ ಬರಬೇಕು ಮಾರಾಯ್ತಿ? ಕೆಂಪು, ಹಸಿರು ಎರಡೂ ಒಂದೇ ಬೂದು ಆಗಿ ಕೂತುಬಿಡಬಹುದು.

ಆದರೆ ನಿನ್ನ ಸ್ಕ್ರಿಪ್ಟಿನ ನಿಜವಾದ ತೊಂದರೆ ಬಣ್ಣದ್ದಲ್ಲ. ಒಂದೇ ಕೆಲಸಕ್ಕೆ ಎರಡೆರಡು ಆಳು ಹಚ್ಚಿದ್ದೀಯ. ಮುಂದೆ ಮ್ಯಾಕ್‌ಬೆತ್ ಕೈಯಲ್ಲಿ ಸಾಯುವ ಡಂಕನ್ ದೊರೆ ಅವನ ಕೋಟೆಗೆ ಬರುವ ದೃಶ್ಯ ನೋಡು. ಕೋಟೆ ತೋರಿಸಿದ್ದೀಯ, ಗಾಳಿಗೆ ಅಲ್ಲಾಡುವ ಬಾವುಟ ತೋರಿಸಿದ್ದೀಯ, ಗೋಡೆಯಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನೂ ತೋರಿಸಿದ್ದೀಯ. ಆಮೇಲೆ ದೊರೆಯ ಬಾಯಲ್ಲಿ ಜಾಗ ಸೊಗಸಾಗಿದೆ, ಗಾಳಿ ಹಿತವಾಗಿದೆ ಅಂತ ಹೇಳಿಸಿ, ಮ್ಯಾಕ್‌ಬೆತ್‌ನ ಜೊತೆಗಾರ ಸೇನಾಪತಿ ಬ್ಯಾಂಕೋ ಬಾಯಲ್ಲಿ ಅದೇ ಹಕ್ಕಿಗಳ ವರ್ಣನೆ ಮಾಡಿಸಿದ್ದೀಯ. ಯಾಕೆ? ಮೂಲದಲ್ಲಿ ಇದೆ ಅಂತ ತಾನೆ?

ಮೂಲದಲ್ಲಿ ಅದು ಯಾಕಿದೆ ಅಂತ ಯೋಚಿಸು. ಈ ನಾಟಕ ಬರೆದದ್ದು 1606ರ ಆಸುಪಾಸಿನಲ್ಲಿ. ಆಗಿನ ಲಂಡನ್ನಿನ ಬಯಲು ರಂಗಮಂದಿರಗಳಲ್ಲಿ ಆಟ ನಡೆಯುತ್ತಿದ್ದದ್ದು ಮಧ್ಯಾಹ್ನ, ಸೂರ್ಯನ ಬೆಳಕಿನಲ್ಲಿ. ನಮ್ಮ ಕಂಪನಿ ನಾಟಕಗಳ ಥರ ಬಣ್ಣದ ಪರದೆ, ಸೀನು ಅಂತ ಇರುತ್ತಿರಲಿಲ್ಲ. ಕೋಟೆ ಬೇಕಾದರೆ ಮಾತಿನಲ್ಲೇ ಕಟ್ಟಬೇಕು, ಕತ್ತಲು ಬೇಕಾದರೆ ಮಾತಿನಲ್ಲೇ ತರಬೇಕು. ಎರಡನೇ ಅಂಕದ ಶುರುವಿನಲ್ಲಿ ಬ್ಯಾಂಕೋ ಮಗನನ್ನು ‘ರಾತ್ರಿ ಎಷ್ಟಾಯಿತು’ ಅಂತ ಕೇಳುತ್ತಾನೆ, ಹುಡುಗ ‘ಚಂದ್ರ ಮುಳುಗಿದ, ಗಂಟೆ ಕೇಳಿಸಲಿಲ್ಲ’ ಅನ್ನುತ್ತಾನೆ. ಅದು ಸಂಭಾಷಣೆ ಅಷ್ಟೇ ಅಲ್ಲ, ಲೈಟಿಂಗು. ಹಾಡಹಗಲಿನಲ್ಲಿ ನಿಂತ ಜನರ ಕಣ್ಣಿಗೆ ಎರಡು ಸಾಲಿನಲ್ಲಿ ನಡುರಾತ್ರಿ ತಂದುಬಿಟ್ಟ. ಈಗ ಆ ಕೆಲಸ ಮಾಡಲು ನಿನ್ನ ಕ್ಯಾಮರಾಮನ್ ಇದ್ದಾನೆ.

ಹಾಗಾಗಿ ನಾಟಕವನ್ನು ಮುಂದಿಟ್ಟುಕೊಂಡು ಸಾಲು ಸಾಲಿಗೂ ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಬರೆ: ಈ ಮಾತು ಏನು ಕೆಲಸ ಮಾಡುತ್ತಿದೆ? ಜಾಗ ಕಟ್ಟುತ್ತಿದೆಯಾ, ಸುದ್ದಿ ಮುಟ್ಟಿಸುತ್ತಿದೆಯಾ, ಮನಸ್ಸಿನ ಒಳಗೆ ನಡೆಯುವುದನ್ನು ಹೇಳುತ್ತಿದೆಯಾ? ಆಮೇಲೆ, ಆ ಕೆಲಸವನ್ನು ಸಿನಿಮಾದಲ್ಲಿ ಯಾರು ಹೊರುತ್ತಾರೆ ಅಂತ ಕೇಳಿಕೋ. ಬೆಳಕು, ಮುಖ, ಸದ್ದು, ಗೋಡೆ, ಯಾರೂ ಹೊರಲಾರರು ಅಂತಾದರೆ ಮಾತ್ರ ಮಾತು ಉಳಿಯಲಿ. ಬೇಜಾರಿನ ಕೆಲಸ. ಆದರೆ ಇದನ್ನು ಮಾಡದೆ ಚಿತ್ರಕಥೆಗೆ ಕೈ ಹಾಕಬೇಡ.

ಇದನ್ನು ಕಲಿಯಬೇಕಾದರೆ ಮ್ಯಾಕ್‌ಬೆತ್ ಕತೆಯನ್ನೇ ಇಟ್ಟುಕೊಂಡು ಜಪಾನಿನ ನಿರ್ದೇಶಕ ಕುರೊಸಾವಾ ಮಾಡಿದ 1957ರ ‘ಥ್ರೋನ್ ಆಫ್ ಬ್ಲಡ್’ ನೋಡು. ನೋಡಿದ್ದೀನಿ ಅನ್ನುತ್ತೀಯ, ಗೊತ್ತು. ಇನ್ನೊಮ್ಮೆ ನೋಡು, ಈ ಸಲ ಪೆನ್ಸಿಲ್ ಹಿಡಿದುಕೊಂಡು. ಸ್ಕಾಟ್ಲೆಂಡನ್ನು ಜಪಾನಿನ ಅಂತರ್ಯುದ್ಧದ ಕಾಲಕ್ಕೆ ತಂದ, ಶೇಕ್ಸ್‌ಪಿಯರ್‌ನ ಕಾವ್ಯವನ್ನು ಬದಿಗಿಟ್ಟ, ಆದರೆ ಮಾತು ಮಾಡುತ್ತಿದ್ದ ಕೆಲಸವನ್ನು ಬಿಡಲಿಲ್ಲ. ನಾಟಕದಲ್ಲಿ ದೊರೆಗೆ ಎರಡು ಬಗೆದ ಕಾಡರ್ ಸೀಮೆಯ ಹಳೆಯ ಸರದಾರನ ಕತೆ ಬರೀ ಮಾತಿನಲ್ಲಿ ಬರುತ್ತದೆ. ಸಿನಿಮಾದಲ್ಲಿ ಒಂದು ಕೋಣೆ ಇದೆ. ಹಿಂದೆ ದ್ರೋಹ ಮಾಡಿದವನು ಸತ್ತ ಕೋಣೆ. ಗೋಡೆ ಮೇಲೆ ಅವನ ರಕ್ತ ಚೆಲ್ಲಿದ ಕಲೆ, ಎಷ್ಟು ತೊಳೆದರೂ ಹೋಗಿಲ್ಲ. ದೊರೆ ಮನೆಗೆ ಬಂದ ರಾತ್ರಿ ಗಂಡ-ಹೆಂಡತಿ ತಮ್ಮ ಕೋಣೆ ಬಿಟ್ಟುಕೊಟ್ಟು ಇಲ್ಲಿಗೆ ಬಂದು ಕೂರುತ್ತಾರೆ. ಈ ಮನೆಯಲ್ಲಿ ಇದು ಮೊದಲ ದ್ರೋಹ ಅಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ. ಮುಂದೆ ಹೆಂಡತಿ ಎಷ್ಟು ಕೈ ತೊಳೆದರೂ ಹೋಗದ ರಕ್ತವೂ ಆ ಗೋಡೆ ಮೇಲೆ ಮೊದಲೇ ಇದೆ.

ಅದೇ ಕೋಣೆಯಲ್ಲಿ ಒಂದು ಶಾಟ್ ಇದೆ, ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡು. ಹೆಂಡತಿ ಅಸಾಜಿ, ಪಾತ್ರ ಮಾಡಿದವಳು ಇಸುಜು ಯಮಾಡಾ, ಜಪಾನಿನ ಸಾಂಪ್ರದಾಯಿಕ ‘ನೋ’ ನಾಟಕದ ಮುಖವಾಡದ ಹಾಗೆ ಮುಖ ಅಲ್ಲಾಡಿಸದೆ ಕೂತಿರುತ್ತಾಳೆ. ಎದ್ದು ಹಿಂದಿನ ಬಾಗಿಲ ಕತ್ತಲೊಳಗೆ ನಡೆದು ಹೋಗುತ್ತಾಳೆ. ಹೋಗುತ್ತಾಳೆ ಅಂದರೆ ಪೂರ್ತಿ ಕರಗಿಬಿಡುತ್ತಾಳೆ. ಕಿಮೊನೊದ ಸೆರಗು ನೆಲ ಸವರುವ ಸರಸರ ಸದ್ದು ಮಾತ್ರ. ಸ್ವಲ್ಪ ಹೊತ್ತಿಗೆ ಅದೇ ಸರಸರ, ಕತ್ತಲೊಳಗಿಂದ ಬಿಳಿ ಮುಖ ಮೊದಲು ಬರುತ್ತದೆ, ಆಮೇಲೆ ಕೈಯಲ್ಲಿ ಮದ್ದು ಬೆರೆಸಿದ ಸಾಕೆ ಮದ್ಯದ ಪಾತ್ರೆ. ಕಾವಲುಗಾರರಿಗೆ ಕುಡಿಸಲು. ನಾಟಕದಲ್ಲಿ ಲೇಡಿ ಮ್ಯಾಕ್‌ಬೆತ್ ‘ಬಾ ದಟ್ಟ ಇರುಳೇ’ ಅಂತ ಕತ್ತಲನ್ನೇ ಕರೆಯುವ ದೊಡ್ಡ ಭಾಷಣ ಇದೆಯಲ್ಲ, ಆ ಭಾಷಣದ ಕೆಲಸ ಇಲ್ಲಿ ಮುಗಿಯಿತು. ಕರೆದದ್ದೂ ಆಯಿತು, ಅದು ಬಂದದ್ದೂ ಆಯಿತು.

ಈಗ ಹೇಳು, ಈ ಶಾಟ್ ಬಣ್ಣದಲ್ಲಿ ಇಷ್ಟೇ ಕೆಲಸ ಮಾಡುತ್ತಿತ್ತಾ? ಬಣ್ಣದಲ್ಲಿ ಅದು ಬೆಳಕು ಕಡಿಮೆ ಇರುವ ಕೋಣೆ. ಹಿಂದೆ ಏನೋ ಮರ, ಏನೋ ಕಂದು, ಅಲ್ಲಿ ಏನಿದೆ ಅಂತ ಕಣ್ಣು ಹುಡುಕುತ್ತದೆ. ಇಲ್ಲಿ ಕಪ್ಪು ಅಂದರೆ ಏನೂ ಇಲ್ಲ. ಮಂಜಿನ ದೃಶ್ಯಗಳಲ್ಲಿ ಬಿಳುಪು ಅಂದರೂ ಏನೂ ಇಲ್ಲ. ಕೋಟೆಯ ಸೆಟ್ ಹಾಕಿದ್ದು ಫ್ಯೂಜಿ ಬೆಟ್ಟದ ಇಳಿಜಾರಿನಲ್ಲಿ, ಅಲ್ಲಿನ ಮಂಜಿಗೋಸ್ಕರ, ಜ್ವಾಲಾಮುಖಿಯ ಕಪ್ಪು ಮಣ್ಣಿಗೋಸ್ಕರ. ಇಬ್ಬರು ಸೇನಾಪತಿಗಳು ಆ ಮಂಜಿನೊಳಗೆ ಕುದುರೆ ಓಡಿಸಿಕೊಂಡು ಹೋಗಿ ಕಾಣೆಯಾಗುತ್ತಾರೆ, ಮತ್ತೆ ಬರುತ್ತಾರೆ, ಮತ್ತೆ ಕಾಣೆಯಾಗುತ್ತಾರೆ. ನೋಡುವವನಿಗೆ ಸುಸ್ತಾಗುವಷ್ಟು ಸಲ. ದಾರಿ ತಪ್ಪಿದ್ದಾರೆ ಅಂತ ಬೇರೆ ಹೇಳಬೇಕಾ?

ಕುರೊಸಾವಾ ಕಪ್ಪು-ಬಿಳುಪಿನ ವ್ರತ ತೊಟ್ಟವನೇನಲ್ಲ, ಇದನ್ನೂ ನೆನಪಿಟ್ಟುಕೋ. 1957ರಲ್ಲಿ ಕಪ್ಪು-ಬಿಳುಪು ಇನ್ನೂ ಮಾಮೂಲಿ. ಮುಂದೆ 1985ರಲ್ಲಿ ಅದೇ ಮನುಷ್ಯ ‘ಕಿಂಗ್ ಲಿಯರ್’ ಹಿಡಿದುಕೊಂಡು ‘ರಾನ್’ ಮಾಡಿದಾಗ ಬಣ್ಣ ಬಳಸಿದ. ಮೂರು ಗಂಡುಮಕ್ಕಳು, ಹಿರಿಯನಿಗೆ ಹಳದಿ, ನಡುವಿನವನಿಗೆ ಕೆಂಪು, ಕಿರಿಯನಿಗೆ ನೀಲಿ. ಯಾವ ಪಡೆ ಯಾರದು, ಯಾರು ಯಾರ ಮೇಲೆ ಬಿದ್ದರು ಅನ್ನುವುದನ್ನು ಬಾವುಟದ ಬಣ್ಣವೇ ಹೇಳುತ್ತದೆ. ಅಲ್ಲಿ ಬಣ್ಣಕ್ಕೆ ಕೆಲಸ ಇತ್ತು. ನಿನ್ನ ಕಪ್ಪು-ಬಿಳುಪಿಗೂ ಒಂದು ಕೆಲಸ ಕೊಡು ಅಂತ ನಾನು ಕೇಳುತ್ತಿರುವುದು ಅಷ್ಟೇ.

ಇನ್ನು ಕೊಲೆ. ನಾಟಕದಲ್ಲಿ ಡಂಕನ್‌ನ ಕೊಲೆ ರಂಗದ ಮೇಲೆ ನಡೆಯುವುದಿಲ್ಲ. ಮ್ಯಾಕ್‌ಬೆತ್ ಒಳಗೆ ಹೋಗುತ್ತಾನೆ, ಕೈ ರಕ್ತ ಮಾಡಿಕೊಂಡು ಬರುತ್ತಾನೆ. ಹೊರಗೆ ಕಾಯುವ ಹೆಂಡತಿಗೆ ಗೂಬೆ ಕೂಗಿದ್ದು, ಕೀಟ ಚೀರಿದ್ದು ಕೇಳಿಸುತ್ತದೆ. ಕುರೊಸಾವಾ ಕೂಡ ಕ್ಯಾಮರಾವನ್ನು ಹೆಂಡತಿ ಹತ್ತಿರವೇ ಬಿಟ್ಟ. ಗಂಡ ಈಟಿ ಹಿಡಿದುಕೊಂಡು ವಾಪಸ್ ಬರುತ್ತಾನೆ, ಕೈ ಬಿಗಿಯಾಗಿ ಸೆಟೆದುಕೊಂಡಿದೆ, ಅವಳೇ ಬಿಡಿಸಿ ತೆಗೆದುಕೊಳ್ಳಬೇಕು. ಜೋಯಲ್ ಕೋಯನ್ 2021ರ ತನ್ನ ಕಪ್ಪು-ಬಿಳುಪಿನ ಮ್ಯಾಕ್‌ಬೆತ್‌ನಲ್ಲಿ ಕೊಲೆಯನ್ನು ಕಣ್ಣೆದುರೇ ತೋರಿಸಿದ. ನನಗೆ ಕುರೊಸಾವಾನ ದಾರಿಯೇ ಸರಿ ಅನಿಸುತ್ತದೆ. ತೋರಿಸಿದ ಕೊಲೆ ಅಲ್ಲಿಗೆ ಮುಗಿಯುತ್ತದೆ, ತೋರಿಸದ ಕೊಲೆಯನ್ನು ಪ್ರೇಕ್ಷಕ ಮನೆತನಕ ಹೊತ್ತುಕೊಂಡು ಹೋಗುತ್ತಾನೆ. ನೀನು ಒಪ್ಪಲೇಬೇಕು ಅಂತಿಲ್ಲ. ಆದರೆ ನಿನ್ನ ಸ್ಕ್ರಿಪ್ಟಿನಲ್ಲಿ ಕೊಲೆ ತೋರಿಸಿ, ಗೂಬೆ ಕೂಗಿಸಿ, ಆಮೇಲೆ ಅವನ ಬಾಯಲ್ಲಿ ಅದೆಲ್ಲಾ ಹೇಳಿಸಿದ್ದೀಯ. ಮೂರರಲ್ಲಿ ಒಂದು ಇಟ್ಟುಕೋ.

ಕೋಯನ್‌ನ ಸಿನಿಮಾದಿಂದ ಬೇರೆ ಎರಡು ಕಲಿ. ಒಂದು, ಗಾಳಿಯಲ್ಲಿ ತೇಲುವ ಕತ್ತಿ. ಉದ್ದನೆಯ ಓಣಿ, ಕಮಾನುಗಳ ನೆರಳು, ಕೊನೆಯಲ್ಲಿ ದೊರೆಯ ಕೋಣೆಯ ಬಾಗಿಲು. ಬಾಗಿಲ ಹಿಡಿಕೆಯೇ ದೂರದಿಂದ ಕತ್ತಿಯ ಹಾಗೆ ಹೊಳೆಯುತ್ತದೆ. ‘ನನ್ನ ಕಣ್ಣೆದುರು ಕಾಣುವುದು ಕತ್ತಿಯೇ’ ಅನ್ನುವ ಸ್ವಗತವನ್ನು ಡೆನ್ಜಿಲ್ ವಾಷಿಂಗ್ಟನ್ ಆ ಹಿಡಿಕೆಯ ಕಡೆ ನಡೆಯುತ್ತಾ ಹೇಳುತ್ತಾನೆ. ಇಲ್ಲಿ ಮಾತೂ ಇದೆ ಚಿತ್ರವೂ ಇದೆ, ಆದರೆ ಎರಡೂ ಒಂದನ್ನೇ ಹೇಳುತ್ತಿಲ್ಲ: ಅವನು ಕತ್ತಿ ಅನ್ನುತ್ತಾನೆ, ನಮಗೆ ಹಿಡಿಕೆ ಕಾಣುತ್ತದೆ, ಅದನ್ನು ಹಿಡಿದರೆ ಬಾಗಿಲು ತೆರೆಯುತ್ತದೆ. ಇನ್ನೊಂದು ವಯಸ್ಸು. ಡೆನ್ಜಿಲ್, ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ಇಬ್ಬರೂ ಅರವತ್ತು ದಾಟಿದವರು. ಮಕ್ಕಳಿಲ್ಲದ ಆ ಜೋಡಿಗೆ ಇದು ಕೊನೆಯ ಅವಕಾಶ ಅನ್ನುವುದು ಒಂದು ಸಾಲೂ ಬರೆಯದೆ ಬಂದುಬಿಟ್ಟಿತು. ಕುರೊಸಾವಾ ಇದಕ್ಕೆ ಉಲ್ಟಾ ಹೋಗಿ ಕತೆಯಲ್ಲಿ ಅಸಾಜಿಯನ್ನು ಬಸುರಿ ಮಾಡಿದ, ಕೂಸು ಸತ್ತೇ ಹುಟ್ಟಿತು. ನಿನ್ನ ದಂಪತಿಗಳ ವಯಸ್ಸು ಎಷ್ಟು ಅಂತ ನಿನ್ನ ಸ್ಕ್ರಿಪ್ಟಿನಲ್ಲಿ ಎಲ್ಲೂ ಇಲ್ಲ.

ಸ್ವಗತಗಳನ್ನು ಏನು ಮಾಡುವುದು ಅಂತ ಕೇಳಿದ್ದೆ. ಲಾರೆನ್ಸ್ ಒಲಿವಿಯರ್ ತಾನೇ ನಟಿಸಿ ನಿರ್ದೇಶಿಸಿದ 1948ರ ‘ಹ್ಯಾಮ್ಲೆಟ್’ನಲ್ಲಿ ತುಟಿ ಅಲ್ಲಾಡಿಸದೆ ಹಿನ್ನೆಲೆ ಧ್ವನಿಯಲ್ಲಿ ಕೇಳಿಸಿದ, ಕೆಲವು ಸಾಲುಗಳನ್ನು ಮಾತ್ರ ಬಾಯಿಬಿಟ್ಟು ಹೇಳಿದ. ಆಗ ಅದು ಹೊಸದು. ಈಗ ಟಿವಿ ಧಾರಾವಾಹಿಗಳಲ್ಲಿ ಅತ್ತೆಯೂ ಅದನ್ನೇ ಮಾಡುತ್ತಾಳೆ, ಸೊಸೆಯೂ ಅದನ್ನೇ ಮಾಡುತ್ತಾಳೆ. ತೀರಾ ಬೇಕಾದ ಒಂದೆರಡು ಕಡೆ ಇಟ್ಟುಕೋ. ಅದಕ್ಕಿಂತ ಅವನ ಧೈರ್ಯ ನೋಡು: ರೋಸೆನ್‌ಕ್ರಾಂಟ್ಸ್, ಗಿಲ್ಡೆನ್‌ಸ್ಟರ್ನ್, ಫೋರ್ಟಿನ್‌ಬ್ರಾಸ್, ಮೂರು ಪಾತ್ರಗಳನ್ನೇ ಕಿತ್ತು ಹಾಕಿದ.

ಕೊಸಿಂತ್ಸೆವ್‌ನ 1964ರ ರಷ್ಯನ್ ‘ಹ್ಯಾಮ್ಲೆಟ್’ ಸಿಕ್ಕರೆ ಬಿಡಬೇಡ. ಪಾಸ್ತರ್‌ನಾಕ್‌ನ ಅನುವಾದ, ಶೊಸ್ತಕೋವಿಚ್‌ನ ಸಂಗೀತ. ಅಪ್ಪ ಸತ್ತ ಮೇಲೆ ಹ್ಯಾಮ್ಲೆಟ್ ಪ್ರೀತಿಸಿದ ಹುಡುಗಿ ಒಫೀಲಿಯಾಗೆ ಶೋಕದ ಬಟ್ಟೆ ತೊಡಿಸುವ ದೃಶ್ಯ ಅದರಲ್ಲಿದೆ. ಕಪ್ಪು ಬಟ್ಟೆಗೆ ಮೊದಲು ಹೆಂಗಸರು ಅವಳ ಮೈಗೆ ಕಬ್ಬಿಣದ ಪಟ್ಟಿಗಳ ಚೌಕಟ್ಟು ಕಟ್ಟಿ ಬಿಗಿಯುತ್ತಾರೆ. ನಾಟಕದಲ್ಲಿ ಹೀಗೊಂದು ದೃಶ್ಯ ಇಲ್ಲವೇ ಇಲ್ಲ. ಆದರೆ ಆ ಹುಡುಗಿಗೆ ಯಾಕೆ ಹುಚ್ಚು ಹಿಡಿಯಿತು ಅಂತ ಅದನ್ನು ನೋಡಿದ ಮೇಲೆ ಯಾರೂ ಕೇಳುವುದಿಲ್ಲ. ನಾಟಕಕ್ಕೆ ನಿಷ್ಠೆ ಅಂತ ನೀನು ಪತ್ರದಲ್ಲಿ ಉದ್ದಕ್ಕೆ ಬರೆದಿದ್ದೀಯಲ್ಲ, ನನ್ನ ಪ್ರಕಾರ ಇದೇ ನಿಷ್ಠೆ.

ಕತೆಯನ್ನು ಯಾವ ಊರಿಗೆ ತರಬೇಕು ಅನ್ನುವುದು ನಿನಗೆ ಬಿಟ್ಟದ್ದು. ಕುವೆಂಪು ಹ್ಯಾಮ್ಲೆಟ್‌ನನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಬರೆದರು, ಎಚ್.ಎಸ್. ಶಿವಪ್ರಕಾಶ್ ಮ್ಯಾಕ್‌ಬೆತ್‌ನನ್ನು ‘ಮಾರನಾಯಕನ ದೃಷ್ಟಾಂತ’ ಮಾಡಿದರು. ಇವೆರಡನ್ನೂ ಓದದೆ ಮುಂದಿನ ಡ್ರಾಫ್ಟ್ ಶುರು ಮಾಡಬೇಡ. ಇಲ್ಲಿಗೆ ಬಂದ ಮೇಲೆ ಆ ರಾಜ ಯಾಕೆ ರಾಜ, ಅವನನ್ನು ಕೊಂದರೆ ಯಾರಿಗೆ ಏನು ನಷ್ಟ ಅನ್ನುವುದು ನಮ್ಮ ನೆಲದ ಲೆಕ್ಕದಲ್ಲಿ ಕೂಡಬೇಕು. ಸುಮ್ನೆ ಹೆಸರು ಬದಲಾಯಿಸಿ ಪೇಟ ಸುತ್ತಿಸಿದರೆ ಆಗುವುದಿಲ್ಲ.

ದುಡ್ಡಿಲ್ಲ ಅಂತ ಅಳಬೇಡ. ಆರ್ಸನ್ ವೆಲ್ಸ್ ‘ಒಥೆಲೊ’ ತೆಗೆಯುತ್ತಿದ್ದಾಗ ದುಡ್ಡು ಮುಗಿಯುವುದು, ಚಿತ್ರೀಕರಣ ನಿಲ್ಲುವುದು, ಮತ್ತೆ ಶುರುವಾಗುವುದು ವರ್ಷಗಟ್ಟಲೆ ನಡೆಯಿತು. ಮೊರಾಕ್ಕೋದ ಮೊಗದೋರ್ ಊರಿನಲ್ಲಿ ಉಡುಪು ಬರಲೇ ಇಲ್ಲ. ರೊಡೆರಿಗೊನ ಕೊಲೆಯನ್ನು ಹಬೆ ತುಂಬಿದ ಸ್ನಾನದ ಮನೆಗೆ ಸಾಗಿಸಿ, ನಟರಿಗೆ ಟವೆಲ್ ಸುತ್ತಿಸಿ ತೆಗೆದ. 1952ರಲ್ಲಿ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿಯಲ್ಲಿ ಅದಕ್ಕೂ ಪಾಲು ಸಿಕ್ಕಿತು. ಹಬೆ, ಹೊಗೆ, ಒದ್ದೆ ಕಲ್ಲು, ಬೆವರಿದ ಮೈ, ಇವೆಲ್ಲ ಕಪ್ಪು-ಬಿಳುಪಿನಲ್ಲಿ ಮಾತಾಡುತ್ತವೆ. ರೇಷ್ಮೆ ಸೀರೆಯ ಬಣ್ಣದ ಬದಲು ನೀನು ಬರೆಯಬೇಕಾದದ್ದು ಇವನ್ನು. ಬಣ್ಣದಲ್ಲಿ ತೆಗೆದು ಆಮೇಲೆ ಡಿಐನಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವಾಗ, ಬಣ್ಣ ಇಳಿಸಿದರಾಯಿತು ಅಂತ ಯಾರಾದರೂ ಹೇಳಿದರೆ, ಸೆಟ್ಟು ಬಟ್ಟೆ ಲೈಟು ಎಲ್ಲವನ್ನೂ ಬೂದು ಲೆಕ್ಕದಲ್ಲೇ ಯೋಚಿಸಿದ್ದೀರಾ ಅಂತ ಕೇಳು.

ಇಷ್ಟೆಲ್ಲಾ ಓದಿ ಮಾತನ್ನೆಲ್ಲ ಹೊಡೆದು ಹಾಕಿಬಿಡಬೇಡ ಮತ್ತೆ! ಕ್ಯಾಮರಾ ಹೊರಲಾರದ ಮಾತುಗಳಿವೆ, ಅದರಲ್ಲೂ ನಿನ್ನ ಈ ಸಿನಿಮಾದಲ್ಲಿ. ಮ್ಯಾಕ್‌ಬೆತ್ ನಾಟಕದ ತುಂಬಾ ರಕ್ತ, ಆದರೆ ಕಪ್ಪು-ಬಿಳುಪಿನಲ್ಲಿ ರಕ್ತ ಅಂದರೆ ಯಾವುದೋ ಕಪ್ಪು ದ್ರವ. ಆಗ ಮ್ಯಾಕ್‌ಬೆತ್ ತನ್ನ ಕೈ ನೋಡಿಕೊಂಡು, ಸಮುದ್ರದ ನೀರೆಲ್ಲಾ ಸೇರಿದರೂ ಇದು ಹೋಗದು, ಈ ಕೈಯೇ ಹಸಿರು ಕಡಲನ್ನೆಲ್ಲ ಕೆಂಪು ಮಾಡೀತು ಅನ್ನುತ್ತಾನೆ. ಇಡೀ ಸಿನಿಮಾದಲ್ಲಿ ಕೆಂಪು ಕಾಣಿಸುವುದು ಅಲ್ಲಿ ಮಾತ್ರ, ಕಿವಿಯ ಮೂಲಕ. ಸತ್ತ ದೊರೆಯನ್ನು ನೆನೆದು ‘ಬೆಳ್ಳಿಯ ಮೈ, ಚಿನ್ನದ ರಕ್ತ’ ಅನ್ನುವ ಸಾಲೂ ಹಾಗೆಯೇ. ನಿನ್ನ ಡ್ರಾಫ್ಟಿನಲ್ಲಿ ಇವೆರಡನ್ನೂ ಕತ್ತರಿಸಿ, ಹಕ್ಕಿಗೂಡಿನ ವರ್ಣನೆ ಉಳಿಸಿಕೊಂಡಿದ್ದೀಯ. ಸರಿಯಾಗಿ ತಿರುಗಾಮುರುಗಾ.

ಔತಣದ ದೃಶ್ಯವನ್ನು ಮೊದಲು ತಿದ್ದು. ಬ್ಯಾಂಕೋನ ದೆವ್ವ ಒಂದು ಶಾಟಿನಲ್ಲಿ ಮ್ಯಾಕ್‌ಬೆತ್‌ಗೆ ಕಾಣುತ್ತದೆ, ಇನ್ನೊಂದರಲ್ಲಿ ಅತಿಥಿಗಳ ಕಣ್ಣಿನಿಂದ ಖಾಲಿ ಕುರ್ಚಿ, ಮೂರನೆಯದರಲ್ಲಿ ಯಾರ ಕಣ್ಣೋ ಗೊತ್ತಾಗುವುದಿಲ್ಲ. ಆ ಹೊತ್ತಿನಲ್ಲಿ ನಾವು ಯಾರ ಪಕ್ಕ ಕೂತಿದ್ದೇವೆ ಅಂತ ತೀರ್ಮಾನ ಮಾಡು, ಉಳಿದದ್ದು ತಾನಾಗಿ ಬರುತ್ತದೆ. ನಿದ್ದೆಯಲ್ಲಿ ನಡೆಯುವ ದೃಶ್ಯ ಚೆನ್ನಾಗಿದೆ, ಅದನ್ನು ಮುಟ್ಟಬೇಡ. ಬರೆದ ಮೇಲೆ ಆ ಔತಣದ ಭಾಗ ಒಂದನ್ನೇ ಕಳಿಸು, ಪಿಡಿಎಫ್ ಬೇಡ, ವರ್ಡ್ ಫೈಲೇ ಇರಲಿ, ನನಗೆ ಪಕ್ಕದಲ್ಲಿ ಗೀಚಬೇಕು.

ನಿನ್ನ
ಅಣ್ಣ