ಜರ್ಮನಿಗೆ ಒಂದು ಸೆಮಿಸ್ಟರ್ ಹೋಗುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ವಿನಿಮಯ ಕಾರ್ಯಕ್ರಮಕ್ಕೆ ಅರ್ಜಿ ಹಾಕುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಎರಡು ವಿಶ್ವವಿದ್ಯಾಲಯಗಳ ನಡುವೆ ಒಪ್ಪಂದ ಇದ್ದರೆ ಸಾಮಾನ್ಯವಾಗಿ ಅಲ್ಲಿ ಬೋಧನಾ ಶುಲ್ಕ ಇರುವುದಿಲ್ಲ. ಇಲ್ಲಿಯ ಶುಲ್ಕ ಕಟ್ಟಲೇಬೇಕು. ಜೊತೆಗೆ ಅಲ್ಲಿ ಸೆಮಿಸ್ಟರ್ ವಂತಿಗೆ ಅಂತ ಇರುತ್ತದೆ. ಎಷ್ಟೋ ಕಡೆ ಬಸ್, ರೈಲಿನ ಪಾಸ್ ಅದರಲ್ಲೇ ಸೇರಿರುತ್ತದೆ.

ಜಾಸ್ತಿ ತೊಂದರೆ ಆಗುವುದು ಕ್ರೆಡಿಟ್ ವಿಷಯದಲ್ಲಿ. ಕ್ರೆಡಿಟ್ ಅಂದರೆ ಒಂದು ಪೇಪರ್ ಪಾಸಾದಾಗ ಪದವಿಯ ಲೆಕ್ಕಕ್ಕೆ ಸೇರುವ ಪಾಯಿಂಟ್. ಯುರೋಪಿನ ಲೆಕ್ಕದಲ್ಲಿ ವರ್ಷಕ್ಕೆ 60 ಕ್ರೆಡಿಟ್, ಸೆಮಿಸ್ಟರಿಗೆ 30. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆಯ ಕೆಲಸ. ಮನೆಯಲ್ಲಿ ಕೂತು ಓದುವ ಹೊತ್ತೂ ಇದರಲ್ಲಿ ಸೇರಿದೆ. ನಮ್ಮಲ್ಲಿ ತರಗತಿಯ ಗಂಟೆಗಳ ಮೇಲೆ ಲೆಕ್ಕ. ಹಾಗಾಗಿ ಅಲ್ಲಿಯ 6 ಕ್ರೆಡಿಟ್ ಇಲ್ಲಿಯ 6 ಆಗುವುದಿಲ್ಲ. ನನ್ನ ಅಕ್ಕನ ಮಗಳು ಬಾಯಿಮಾತು ನಂಬಿ ಹೋದಳು. ಚೆನ್ನಾಗಿ ಓದಿ ಪಾಸಾಗಿ ಬಂದರೂ ಎರಡು ಪೇಪರ್ ಇಲ್ಲಿ ಮತ್ತೆ ಬರೆಯಬೇಕಾಯಿತು. ಅವಳು ಅತ್ತಿದ್ದು ಇನ್ನೂ ನನ್ನ ಕಣ್ಣ ಮುಂದಿದೆ.

ಆದ್ದರಿಂದ ಯಾವ ವಿಷಯಕ್ಕೆ ಯಾವುದು ಸಮ ಅಂತ ಹೊರಡುವ ಮುಂಚೆಯೇ ಬರವಣಿಗೆಯಲ್ಲಿ ಪಡೆಯಿರಿ. ವಿಭಾಗದ ಮುಖ್ಯಸ್ಥರ ಸಹಿ ಇರಲಿ. ಅಲ್ಲಿ ಹೋದ ಮೇಲೆ ವಿಷಯ ಬದಲಾಯಿಸಿದರೆ ಅದಕ್ಕೂ ಮತ್ತೆ ಸಹಿ ಬೇಕು.

ಇನ್ನೊಂದು. ಅಲ್ಲಿ ಚಳಿಗಾಲದ ಸೆಮಿಸ್ಟರಿನ ಪಾಠ ಸಾಮಾನ್ಯವಾಗಿ ಅಕ್ಟೋಬರ್‌ನಲ್ಲಿ ಶುರುವಾಗಿ ಫೆಬ್ರವರಿವರೆಗೆ ನಡೆಯುತ್ತದೆ. ಇಲ್ಲಿಯ ಪರೀಕ್ಷೆಗೆ ಅಡ್ಡ ಬರುತ್ತದಲ್ವಾ? ಈಗಲೇ ಕೇಳಿಕೊಳ್ಳಿ.

ವಿಷಯಗಳ ಸಮಾನತೆಗೆ ಸಹಿ ಪಡೆಯುವ ಪತ್ರದ ಮಾದರಿ ಬೇಕಾದವರು ನನಗೆ ಮೆಸೇಜ್ ಮಾಡಿ, ಕಳಿಸುತ್ತೇನೆ.