ಆ ಫೋಟೋ ವಿಷಯ

ಲಿಚ್‌ಫೀಲ್ಡ್, ಇಂಗ್ಲೆಂಡ್
7 ಡಿಸೆಂಬರ್ 2025, ಭಾನುವಾರ

ಅಪ್ಪ, ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಕಾಫಿ ಕುಯ್ಲು ಎಲ್ಲಿಗೆ ಬಂತು? ಈ ಸಲ ಆಳು ಸಿಕ್ಕಿದರಾ? ಮೊನ್ನೆ ಮಳೆ ಬಂತು ಅಂತ ಪುಟ್ಟಿ ಹೇಳಿದಳು, ಕಣದಲ್ಲಿದ್ದದ್ದು ನೆನೆಯಿತೋ ಏನೋ.

ಅಪ್ಪ, ನಿಮ್ಮ ಕಾಗದ ಶುಕ್ರವಾರ ಕೈ ಸೇರಿತು. ವಾರಕ್ಕೆ ಮೂರು ಸಲ ಫೋನ್ ಮಾಡುವವರು ಕಾಗದ ಬರೆದಿದ್ದಾರೆ ಅಂದರೆ ಕೋಪ ಬಂದಿದೆ ಅಂತ ಲಕೋಟೆ ನೋಡಿದಾಗಲೇ ಗೊತ್ತಾಯಿತು. ಇಡೀ ಕಾಗದದಲ್ಲಿ ಮೂರೇ ಸಾಲು. ಫೇಸ್‌ಬುಕ್ಕಿನ ಆ ಫೋಟೋ ಏನು, ಗಾಲಿಕುರ್ಚಿಗೆ ಕಟ್ಟಿದ ಆ ಬಣ್ಣದ ರಿಬ್ಬನ್ ಏನು, ಹಾಸನದ ಗಂಡಿನ ಕಡೆಯವರಿಗೆ ನಾನು ಏನು ಹೇಳಲಿ. ಕೆಳಗೆ ಸಹಿ, ತಾರೀಖು. ಸೈನ್ಯದಿಂದ ರಿಟೈರ್ ಆಗಿ ಇಷ್ಟು ವರ್ಷ ಆದರೂ ಯಾರೋ ಜವಾನನಿಗೆ ಮೆಮೊ ಕೊಟ್ಟ ಹಾಗಿದೆ. ಅದಕ್ಕೇ ನಾನೂ ಕಾಗದದಲ್ಲೇ ಉತ್ತರ ಕೊಡುತ್ತಿದ್ದೇನೆ. ಫೋನಿನಲ್ಲಾದರೆ ಅಮ್ಮ ಅಳುತ್ತಾಳೆ, ನೀವು ಫೋನನ್ನು ಪುಟ್ಟಿ ಕೈಗೆ ಕೊಟ್ಟು ಹಟ್ಟಿ ಕಡೆ ಹೋಗುತ್ತೀರಿ, ಮಾತು ಅಲ್ಲೇ ನಿಲ್ಲುತ್ತದೆ.

ಮೊದಲು ಇದನ್ನು ಓದಿಕೊಳ್ಳಿ. ನನಗೆ ಏನೂ ಆಗಿಲ್ಲ. ಕೆಲಸಕ್ಕೆ ಏನೂ ಆಗಿಲ್ಲ, ವೀಸಾಗೆ ಏನೂ ಆಗಿಲ್ಲ, ಯಾರೂ ನನ್ನ ತಲೆ ಕೆಡಿಸಿಲ್ಲ, ಯಾವ ಸಂಘಕ್ಕೂ ಸೇರಿಸಿಕೊಂಡಿಲ್ಲ. ಮೂರು ಹೊತ್ತು ಊಟ ಮಾಡುತ್ತಿದ್ದೇನೆ, ಸ್ವೆಟರ್ ಮೇಲೆ ಸ್ವೆಟರ್ ಹಾಕುತ್ತಿದ್ದೇನೆ. ಅಮ್ಮ, "ಅವಳೂ ಹಾಗೇನಾ ಕೇಳು" ಅಂತ ಪುಟ್ಟಿ ಕೈಲಿ ಮೆಸೇಜ್ ಮಾಡಿಸಿದೆಯಲ್ಲ, ಹೆಂಗಸರನ್ನು ಪ್ರೀತಿಸುವವಳಾ ಅಂತ ತಾನೇ, ಇಲ್ಲಮ್ಮ, ನಾನು ಹಾಗಲ್ಲ. ಆದರೆ ಪಿಯುಸಿ ಓದುವ ಹುಡುಗಿಯ ಕೈಲಾ ಅದನ್ನು ಕೇಳಿಸೋದು? ಅವಳು ಆ ಪ್ರಶ್ನೆಯ ಕೊನೆಗೆ ನಗುವ ಮುಖ ಮೂರು ಹಾಕಿ ಕಳಿಸಿದ್ದಳು.

ಫೋಟೋದಲ್ಲಿ ಗಾಲಿಕುರ್ಚಿಯಲ್ಲಿ ಕೂತವರು ನಾನು ಕೆಲಸ ಮಾಡುವ ಕೇರ್ ಹೋಮಿನ, ಅಂದರೆ ವೃದ್ಧಾಶ್ರಮದ, ಅಜ್ಜಿ. ಹೆಸರು ಬರೆಯುವ ಹಾಗಿಲ್ಲ, ಕೆಲಸದ ನಿಯಮ. 81 ವರ್ಷ. ನಾಲಿಗೆ ಸ್ವಲ್ಪ ಚೂಪು, ಥೇಟ್ ನಮ್ಮ ದೊಡ್ಡಮ್ಮನ ಹಾಗೆ. ಇಲ್ಲಿ ಎಲ್ಲರೂ ನನ್ನನ್ನು ಕೇರಳದವಳು ಅಂದುಕೊಳ್ಳುತ್ತಾರೆ, ನರ್ಸ್ ಅಂದರೆ ಕೇರಳ ಅಂತಲೇ ಇವರ ಲೆಕ್ಕ. ನಾನು ಕೊಡಗಿನ ಸೋಮವಾರಪೇಟೆಯವಳು, ಅದು ಕರ್ನಾಟಕ, ಅಲ್ಲಿ ನಮ್ಮಪ್ಪ ಕಾಫಿ ಬೆಳೆಯುತ್ತಾರೆ ಅಂತ ಹೇಳಿ ಹೇಳಿ ಸಾಕಾಗಿದೆ. ನೆನಪಿಟ್ಟುಕೊಂಡದ್ದು ಈ ಅಜ್ಜಿ ಒಬ್ಬರೇ. ನಮ್ಮಪ್ಪ ಮದ್ರಾಸ್ ಸ್ಯಾಪರ್ಸ್ ಅನ್ನುವ ಸೈನ್ಯದ ಎಂಜಿನಿಯರ್ ದಳದಲ್ಲಿ ಹವಾಲ್ದಾರ್ ಆಗಿದ್ದರು ಅಂತ ಹೇಳಿದ ದಿನ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿ ನನಗೊಂದು ಸೆಲ್ಯೂಟ್ ಹೊಡೆದರು. ಯಾಕೆ ಅಂದರೆ ಅವರೂ ಸೈನ್ಯದಲ್ಲಿದ್ದವರು. ಆಗ ಇಲ್ಲಿ ಹೆಂಗಸರಿಗೆ ಬೇರೆ ದಳ ಇತ್ತು, ಅದರಲ್ಲಿ ಟೆಲಿಫೋನ್ ಆಪರೇಟರ್, ಆರು ವರ್ಷ.

1969ರಲ್ಲಿ ಒಂದು ದಿನ ಮಿಲಿಟರಿ ಪೊಲೀಸರು ಬಂದು ಇವರ ಪೆಟ್ಟಿಗೆ ತೆಗೆಸಿದರಂತೆ. ಒಳಗೆ ಇನ್ನೊಬ್ಬ ಹುಡುಗಿ ಬರೆದ ಪ್ರೀತಿಯ ಕಾಗದಗಳಿದ್ದವು. ಇವರನ್ನು ಎದುರಿಗೆ ನಿಲ್ಲಿಸಿಕೊಂಡು ಒಂದೊಂದನ್ನೂ ಗಟ್ಟಿಯಾಗಿ ಓದಿದರಂತೆ. ವಾರದೊಳಗೆ ಗೇಟಿನ ಹೊರಗೆ. ಅಪ್ಪ, ಸೈನ್ಯ ಬಿಟ್ಟಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನ ಬೆಲೆ ನಿಮಗೆ ಗೊತ್ತು, ಅಮ್ಮನಿಗೂ ಮುಟ್ಟೋಕೆ ಬಿಡುವುದಿಲ್ಲ. ಈ ಅಜ್ಜಿಯ ಕಾಗದಪತ್ರ ತರಿಸಿದಾಗ ನಾನೇ ನೋಡಿದೆ, ಇವರ ಸೇವೆ ಇನ್ನು ಬೇಕಾಗಿಲ್ಲ ಅಂತ ಒಂದು ಸಾಲು, ಅಷ್ಟೇ.

ವಿಚಿತ್ರ ಏನು ಗೊತ್ತಾ, ಸೈನ್ಯದ ಹೊರಗಿನ ಹೆಂಗಸರಿಗೆ ಇದು, ಅಂದರೆ ಹೆಂಗಸು ಹೆಂಗಸನ್ನು ಪ್ರೀತಿಸುವುದು, ಇಲ್ಲಿ ಯಾವತ್ತೂ ಅಪರಾಧವೇ ಆಗಿರಲಿಲ್ಲ. ಗಂಡಸರಿಗೆ ಇದ್ದ ಕಾನೂನನ್ನೂ 1967ರಲ್ಲಿ ಸಡಿಲ ಮಾಡಿದರು. ಆದರೆ ಸೈನ್ಯವನ್ನು ಮಾತ್ರ ಹೊರಗಿಟ್ಟರು. ಬೀದಿಯಲ್ಲಿ ತಪ್ಪಲ್ಲದ್ದು ಬ್ಯಾರಕ್ಕಿನಲ್ಲಿ ತಪ್ಪು. ಸೈನ್ಯದಲ್ಲೂ ಅದು ಅಪರಾಧ ಅನ್ನುವುದನ್ನು 1994ರಲ್ಲಿ ತೆಗೆದರು, ಕೆಲಸದಿಂದ ತೆಗೆಯುವುದನ್ನು ಮಾತ್ರ ಬಿಡಲಿಲ್ಲ.

1991ರಲ್ಲಿ ಹೀಗೆ ಹೊರಬಿದ್ದವರು ಸೇರಿ ಲಂಡನ್ನಿನಲ್ಲಿ ಒಂದು ಗುಂಪು ಕಟ್ಟಿದರು, ರ‍್ಯಾಂಕ್ ಔಟ್‌ಸೈಡರ್ಸ್ ಅಂತ. ಶುರು ಮಾಡಿದವರು ಪ್ಯಾರಾಚೂಟ್ ರೆಜಿಮೆಂಟಿನ ಬ್ಯಾಂಡ್ ಮಾಸ್ಟರ್ ಆಗಿದ್ದ ರಾಬರ್ಟ್ ಈಲಿ ಮತ್ತು ಆರ್ಮಿ ನರ್ಸ್ ಆಗಿದ್ದ ಎಲೇನ್ ಚೇಂಬರ್ಸ್. ನಮ್ಮ ಅಜ್ಜಿ ಅಲ್ಲಿ ಏನು ಮಾಡುತ್ತಿದ್ದರು ಅಂದರೆ, ಲಕೋಟೆಗೆ ಅಂಟು ಹಚ್ಚುತ್ತಿದ್ದರು! ಎಂಪಿಗಳಿಗೆ ಕಾಗದ ಮಡಚಿ ಹಾಕುವುದು, ಸ್ಟಾಂಪ್ ಅಂಟಿಸುವುದು. "ಹೋರಾಟ ಅಂದರೆ ನಾಲಿಗೆಯ ಮೇಲೆ ಅಂಟಿನ ರುಚಿ" ಅನ್ನುತ್ತಾರೆ. ಬೀದಿಯಲ್ಲಿ ಕೂಗಿದ್ದು ಎರಡೋ ಮೂರೋ ಸಲ, ಅದೂ ಮಳೆಯಲ್ಲಿ.

ಕೆಲಸ ಕಳೆದುಕೊಂಡ ನಾಲ್ಕು ಜನ ಕೋರ್ಟಿಗೆ ಹೋದರು. ಅದರಲ್ಲಿ ಒಬ್ಬರು ಜೀನೆಟ್ ಸ್ಮಿತ್, ವಾಯುಪಡೆಯಲ್ಲಿ ನರ್ಸ್. ಅಂದರೆ ನನ್ನದೇ ಕೆಲಸ. ಯಾರೋ ಹೆಂಗಸು ಫೋನಿನ ಮೆಷಿನ್ನಿನಲ್ಲಿ, ನಿನ್ನ ವಿಷಯ ಮೇಲಿನವರಿಗೆ ತಿಳಿಸಿದ್ದೇನೆ ಅಂತ ಹೇಳಿ ಇಟ್ಟಳಂತೆ, ಅಷ್ಟಕ್ಕೇ ವಿಚಾರಣೆ. ಅವರಿಗೆ ಕೇಳಿದ ಪ್ರಶ್ನೆಗಳನ್ನು ನಿಮಗೆ ಬರೆಯುವ ಧೈರ್ಯ ನನಗಿಲ್ಲ. ಕೆಲಸದಲ್ಲಿ ಒಂದು ಕಪ್ಪು ಚುಕ್ಕೆ ಇರಲಿಲ್ಲ. 1995ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಸೋತರು, ಮೇಲಿನ ಕೋರ್ಟಿನಲ್ಲೂ ಸೋತರು. ಆಮೇಲೆ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಯುರೋಪಿನ ಮಾನವ ಹಕ್ಕುಗಳ ಕೋರ್ಟು ಇದೆಯಲ್ಲ, ಅಲ್ಲಿಗೆ ಹೋಗಿ 1999ರ ಸೆಪ್ಟೆಂಬರಿನಲ್ಲಿ ಗೆದ್ದರು. ಇವರ ಖಾಸಗಿ ಬದುಕಿಗೆ ಕೈ ಹಾಕಿದ್ದು ತಪ್ಪು ಅಂತ ತೀರ್ಪು. 2000ದ ಜನವರಿ 12ಕ್ಕೆ ಸರ್ಕಾರ ನಿಷೇಧ ತೆಗೆದುಹಾಕಿತು. ಆ ದಿನ ಏನು ಮಾಡಿದಿರಿ ಅಂತ ಅಜ್ಜಿಯನ್ನು ಕೇಳಿದೆ. "ಬುಧವಾರ ಅಲ್ವಾ, ಕೆಲಸಕ್ಕೆ ಹೋದೆ" ಅಂದರು. ಆಗಿನ ಪ್ರಧಾನಿ ರಿಷಿ ಸುನಕ್ (ನಮ್ಮ ಸುಧಾಮೂರ್ತಿಯವರ ಅಳಿಯ ಅಂದರೆ ಅಮ್ಮನಿಗೆ ಬೇಗ ಗೊತ್ತಾಗುತ್ತದೆ) ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಇವರೆಲ್ಲರ ಕ್ಷಮೆ ಕೇಳಿದ್ದು 2023ರ ಜುಲೈ 19. ಅದೂ ಬುಧವಾರ. ಬುಧವಾರಕ್ಕೂ ಬುದ್ಧಿಗೂ ನಮ್ಮ ಭಾಷೆಯಲ್ಲಿ ನಂಟಿದೆ ಅಂತ ಅಜ್ಜಿಗೆ ಬಿಡಿಸಿ ಹೇಳಿದೆ, ಬಹಳ ನಕ್ಕರು.

ಕ್ಷಮೆಯ ಹಿಂದೆ ಒಂದು ದೊಡ್ಡ ವರದಿ ಇತ್ತು, ಲಾರ್ಡ್ ಎಥರ್ಟನ್ ಅನ್ನುವ ಹಳೆಯ ಜಡ್ಜ್ ಬರೆದದ್ದು. ಅದರಲ್ಲಿ 49 ಶಿಫಾರಸುಗಳಿವೆ. ಕಿತ್ತುಕೊಂಡ ಮೆಡಲ್ ವಾಪಸ್, ಬೆರೆ ಟೋಪಿ ವಾಪಸ್, ಪರಿಹಾರ, ಒಂದು ಸ್ಮಾರಕ, ಹೀಗೆ. ಕೆಲಸದಿಂದ ತೆಗೆದವರಿಗೆ 50,000 ಪೌಂಡ್. ಅಜ್ಜಿಯ ಕೈ ನಡುಗುತ್ತದೆ, ಅವರ ತಂಗಿಯ ಮಗಳು ಇರೋದು ದೂರ, ಅದಕ್ಕೆ ಫಾರಂ ತುಂಬಿದ್ದು ನಾನು. 80 ದಾಟಿದವರದ್ದು ಮೊದಲು ನೋಡುತ್ತಾರೆ, ಹಾಗಾಗಿ ಬೇಗ ಬಂತು. ನಮ್ಮ ಲೆಕ್ಕದಲ್ಲಿ ಐವತ್ತು ಲಕ್ಷಕ್ಕೂ ಮೇಲೆ. ಬಾಯಿ ಬಿಡಬೇಡ ಅಮ್ಮ, ಅಜ್ಜಿ ಅವತ್ತೇ ಪೆನ್ಸಿಲ್ ಹಿಡಿದು 56 ವರ್ಷಕ್ಕೆ ಭಾಗಿಸಿದರು, ವಾರಕ್ಕೆ 17 ಪೌಂಡ್ ಬಂತು. ಅಪ್ಪ ಮೊದಲು ಕೇಳೋದು ಪೆನ್ಷನ್ ವಿಷಯ ಅಂತ ಗೊತ್ತು. ಅಜ್ಜಿಗೆ ಪೆನ್ಷನ್ ಇಲ್ಲ. ಆರು ವರ್ಷದ ಸರ್ವಿಸ್ಸಿಗೆ ಆಗ ಕೊಡುತ್ತಿರಲಿಲ್ಲವಂತೆ, ನಿಮ್ಮಲ್ಲಿ ಹದಿನೈದು ಬೇಕಲ್ವಾ, ಹಾಗೆ.

ಈಗ ಫೋಟೋ. ನಾನಿರುವ ಊರಿನ ಹತ್ತಿರ ಆಲ್ರೆವಾಸ್ ಅಂತ ಹಳ್ಳಿ, ಅಲ್ಲಿ ಸೈನಿಕರ ನೆನಪಿಗೆ ಒಂದು ಕಾಡನ್ನೇ ನೆಟ್ಟಿದ್ದಾರೆ. 150 ಎಕರೆ. ಮರಗಳ ನಡುವೆ ನಾನೂರಕ್ಕೂ ಹೆಚ್ಚು ಸ್ಮಾರಕ. ಜನ ನಾಯಿ ಕರೆದುಕೊಂಡು ಬರುತ್ತಾರೆ, ಕೇಕ್ ತಿನ್ನುತ್ತಾರೆ, ಅಂಗಡಿಯಲ್ಲಿ ಜಾಮ್ ಬಾಟಲಿ ಕೊಳ್ಳುತ್ತಾರೆ, ಒಂದು ಥರಾ ಜಾತ್ರೆಯೂ ಹೌದು ಸ್ಮಶಾನವೂ ಹೌದು. ಅಲ್ಲಿಗೆ ಅಕ್ಟೋಬರ್ 27ಕ್ಕೆ ರಾಜ ಚಾರ್ಲ್ಸ್ ಬಂದು ಈ ಜನರ ಹೊಸ ಸ್ಮಾರಕಕ್ಕೆ ಹೂವಿಟ್ಟು ಹೋದರು. ನಾವು ಹೋದದ್ದು ನವೆಂಬರಿನಲ್ಲಿ, ನನ್ನ ರಜೆಯ ದಿನ.

ಸ್ಮಾರಕ ಏನು ಅಂದುಕೊಂಡಿರಿ? ಕಂಚಿನಲ್ಲಿ ಮಾಡಿದ, ಮುದುಡಿದ ಒಂದು ಕಾಗದ. ಅದರ ತುಂಬ ಕೆಲಸ ಕಳೆದುಕೊಂಡವರ ಮಾತುಗಳು. ಅಜ್ಜಿ ಕನ್ನಡಕ ತಂದಿರಲಿಲ್ಲ, ಓದು ಅಂದರು. ಗಟ್ಟಿಯಾಗಿ ಓದಿದೆ. ಅರ್ಧಕ್ಕೆ ಸಾಕು ಅಂದರು. ಯಾಕೆ ಅಂತ ನನಗೆ ಹೊಳೆದದ್ದು ರಾತ್ರಿ, ಹಾಸಿಗೆಯಲ್ಲಿ.

ಬರುವ ದಾರಿಯಲ್ಲಿ ಇನ್ನೊಂದು ಜಾಗ ತೋರಿಸಿದರು. ಮೊದಲ ಮಹಾಯುದ್ಧದಲ್ಲಿ ಹೇಡಿಗಳು, ಓಡಿಹೋದವರು ಅಂತ ತಮ್ಮವರೇ ಗುಂಡಿಟ್ಟು ಕೊಂದ ಹುಡುಗರದ್ದು. ಕಣ್ಣಿಗೆ ಬಟ್ಟೆ ಕಟ್ಟಿದ ಒಂದು ಹುಡುಗನ ಪ್ರತಿಮೆ, ಹಿಂದೆ ಸಾಲಾಗಿ ಮುನ್ನೂರಕ್ಕೂ ಹೆಚ್ಚು ಮರದ ಕಂಬ. ಅವರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. "ನಮಗೆ ಬೇಗನೇ ಸಿಕ್ಕಿತು, ಬದುಕಿದ್ದಾಗಲೇ" ಅಂದರು ಅಜ್ಜಿ. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಅಲ್ಲೇ ತಂಗಿಯ ಮಗಳು ಫೋಟೋ ತೆಗೆದು ಫೇಸ್‌ಬುಕ್ಕಿಗೆ ಹಾಕಿ ನನ್ನನ್ನೂ ಟ್ಯಾಗ್ ಮಾಡಿದಳು. ಮೈಸೂರಿನ ಅತ್ತೆ ನೋಡಿದರು. ಅತ್ತೆ ನೋಡಿದ ಮೇಲೆ ಹಾಸನದವರು ನೋಡೋಕೆ ಎಷ್ಟು ಹೊತ್ತು.

ಅಮ್ಮ, "ಡ್ಯೂಟಿ ಮೇಲೆ ಹೋಗಿದ್ದಳು, ಆ ರಿಬ್ಬನ್ ಏನು ಅಂತಲೂ ಅವಳಿಗೆ ಗೊತ್ತಿರಲಿಲ್ಲ ಅಂತ ಹೇಳಿಬಿಡೋಣ" ಅಂದೆಯಂತೆ. ಬೇಡಮ್ಮ. ಡ್ಯೂಟಿ ಅಲ್ಲ, ರಜೆ. ಗಾಲಿಕುರ್ಚಿಗೆ ರಿಬ್ಬನ್ ಕಟ್ಟಿದ್ದೂ ನಾನೇ, ಗಂಟು ಬಿಚ್ಚಿಹೋಗುತ್ತಿತ್ತು ಅಂತ ಎರಡು ಸಲ ಕಟ್ಟಿದೆ. ಈ ಅಜ್ಜಿ ಹೊರಬಿದ್ದಾಗ ಬೆನ್ನು ನೋವಿಗೆ ಕಳಿಸಿದರು ಅಂತ ಮನೆಗೆ ಬರೆದರಂತೆ. ಅವರಪ್ಪ ಸಾಯುವವರೆಗೂ ಕಾಗದ ಬರೆದಾಗಲೆಲ್ಲ ಬೆನ್ನು ಹೇಗಿದೆ ಅಂತ ಕೇಳುತ್ತಿದ್ದರಂತೆ. ಹತ್ತೊಂಬತ್ತು ವರ್ಷ ಇಲ್ಲದ ಬೆನ್ನು ನೋವಿಗೆ ಉತ್ತರ ಬರೆದರು.

ಹಾಸನದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಹುಡುಗ ಒಳ್ಳೆಯವನೇ ಇರಬಹುದು, ನನಗೇನೂ ಬೇಡ ಅಂತಿಲ್ಲ. ಬೇಕಾದರೆ ನನ್ನ ನಂಬರ್ ಕೊಡಿ, ಅವನೇ ಕೇಳಲಿ. ಇಷ್ಟಕ್ಕೇ ಬೇಡ ಅಂದರೆ ಅನ್ನಲಿ, ಅದಕ್ಕೆ ಅತ್ತೆ ಉಪವಾಸ ಮಾಡಬೇಕಾಗಿಲ್ಲ.

ಅಪ್ಪ, ನಮ್ಮ ಸೈನ್ಯದಲ್ಲಿ ಇದೆಲ್ಲ ನಡೆಯುವುದಿಲ್ಲ ಅಂತ ನೀವು ಹೇಳುತ್ತೀರಿ. ಹೌದು, ನಡೆಯುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ 377ನೇ ಕಲಮಿನ ವಿಷಯದಲ್ಲಿ, ಇದು ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟ ಮೇಲೂ, 2019ರ ಜನವರಿಯಲ್ಲಿ ಆಗಿನ ದಂಡನಾಯಕರು ಬಿಪಿನ್ ರಾವತ್ ಸೈನ್ಯದಲ್ಲಿ ಇದಕ್ಕೆ ಅವಕಾಶ ಇಲ್ಲ ಅಂದರು. ಸೈನ್ಯಕ್ಕೆ ಅದರದ್ದೇ ಕಾಯ್ದೆ. ಅದರ ಬಗ್ಗೆ ನಿಮ್ಮ ಜೊತೆ ವಾದ ಮಾಡುವಷ್ಟು ನನಗೆ ಗೊತ್ತಿಲ್ಲ. ಆದರೆ ಒಂದು ನೆನಪಿದೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ, ಕರೆಂಟ್ ಹೋದ ರಾತ್ರಿ, ನಿಮ್ಮ ಕಂಪನಿಯ ಒಬ್ಬ ಜವಾನನ ವಿಷಯ ಹೇಳಿದ್ದಿರಿ. ರಾತ್ರೋರಾತ್ರಿ ಟ್ರಂಕು ಹೊರಗಿಟ್ಟು ಮನೆಗೆ ಕಳಿಸಿದರು, ಯಾರೂ ಅವನ ಜೊತೆ ಮಾತಾಡಲಿಲ್ಲ, ನೀವೊಬ್ಬರೇ ಟ್ರಂಕಿನ ಇನ್ನೊಂದು ಕಡೆ ಹಿಡಿದು ಸ್ಟೇಷನ್ನಿಗೆ ಹೋಗಿ ರೈಲು ಹತ್ತಿಸಿ ಬಂದಿರಿ. ಯಾಕೆ ಕಳಿಸಿದರು ಅಂತ ನಾನು ಕೇಳಿದೆ. ನೀವು ಲೋಟ ತೊಳೆಯೋಕೆ ಎದ್ದು ಹೋದಿರಿ. ಯಾಕೆ ಅಂತ ಈಗಲೂ ಹೇಳಬೇಕಾಗಿಲ್ಲ. ಸುಮ್ನೆ ನೆನಪಾಯಿತು.

ಇನ್ನೂ ಬರೆಯೋದಿತ್ತು, ನೈಟ್ ಶಿಫ್ಟ್, ಬಸ್ಸಿಗೆ ಹೊತ್ತಾಯಿತು. ಇಲ್ಲಿ ನಾಲ್ಕು ಗಂಟೆಗೇ ಕತ್ತಲೆ, ಟೈಮ್ ಗೊತ್ತಾಗುವುದಿಲ್ಲ. ಆಳಿನ ಕೂಲಿಗೆ ದುಡ್ಡು ಮಂಗಳವಾರ ಹಾಕುತ್ತೇನೆ. ಅಪ್ಪ ಬಿಪಿ ಮಾತ್ರೆ ಬಿಡಬಾರದು. ನಾನು ಆರಾಮಾಗಿದ್ದೇನೆ, ನಿಜವಾಗಲೂ ಆರಾಮಾಗಿದ್ದೇನೆ. ಪುಟ್ಟಿಗೆ ಓದೋಕೆ ಹೇಳಿ. ಮುಂದಿನ ಪಾರ್ಸೆಲ್ಲಿನಲ್ಲಿ ಕಾಫಿ ಪುಡಿ ಒಂದು ಕೇಜಿ ಜಾಸ್ತಿ ಇಡಿ, ಚಿಕೋರಿ ಬೇಡ, ಅಜ್ಜಿಗೂ ಬೇಕಂತೆ.

ನಿಮ್ಮ ಮಗಳು,
ಚಿನ್ನು