ಭಾನುವಾರದ ಅಧ್ಯಯನ: ಬರುವ ಮೊದಲು ಇಷ್ಟು ಓದಿಕೊಳ್ಳಿ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ಈ ಭಾನುವಾರ ಆರಾಧನೆ ಮುಗಿದ ಮೇಲೆ, 11:30ಕ್ಕೆ, ಸ್ತ್ರೀವಾದಿ ದೃಷ್ಟಿಯ ಬೈಬಲ್ ಅಧ್ಯಯನವಿದೆ. ಸಭೆಯಲ್ಲಿ ವಾಚನ ಮಾಡುವವರು, ಪ್ರಾರ್ಥನೆ ನಡೆಸುವವರು ದಯವಿಟ್ಟು ತಪ್ಪಿಸಬೇಡಿ.

ಮೊದಲು ಆದಿಕಾಂಡ 1:1. ಹಳೆಯ ಅನುವಾದದಲ್ಲಿ 'ದೇವರು ... ಉಂಟುಮಾಡಿದನು' ಎಂದಿದೆ. ಕರ್ತೃಪದ ಗೌರವದ ಬಹುವಚನ, ಕ್ರಿಯಾಪದ ಮಾತ್ರ ಪುಲ್ಲಿಂಗ ಏಕವಚನ. ಹೀಬ್ರೂ ಕ್ರಿಯಾಪದವೂ ಪುಲ್ಲಿಂಗವೇ, ನಿಜ. ಆದರೆ 'ಉಂಟುಮಾಡಿದರು' ಎಂದರೆ ಲಿಂಗದ ಗೊಡವೆಯೇ ಇಲ್ಲ. ಕನ್ನಡದ ಈ ಅನುಕೂಲವನ್ನು ನಮ್ಮ ಪ್ರಾರ್ಥನೆಗಳಲ್ಲಿ ಬಳಸಿಕೊಳ್ಳಲೇಬೇಕು.

ಆಮೇಲೆ ರೋಮಾಪುರದವರಿಗೆ 16:1. ಫೊಯಿಬೆ ಎಂಬ ಮಹಿಳೆಗೆ ಗ್ರೀಕಿನಲ್ಲಿ 'ದಿಯಾಕೊನೊಸ್' (ಸೇವಕ, ಸಭೆಯ ಸೇವೆಯ ಹುದ್ದೆಗೂ ಬಳಸುವ ಪದ) ಎಂದಿದೆ. 1 ಕೊರಿಂಥ 3:5ರಲ್ಲಿ ಪೌಲ ತನಗೂ ಅಪೊಲ್ಲೋಸನಿಗೂ ಬಳಸುವುದು ಇದೇ ಪದದ ಬಹುವಚನ. ಗಂಡಸಿಗಾದರೆ ಸಭೆಯ ಹುದ್ದೆ, ಹೆಂಗಸಿಗಾದರೆ ಬರೀ ಊಳಿಗ ಎಂದು ಅನುವಾದಿಸಿದರೆ ಅವಳ ಸ್ಥಾನವೇ ಅಳಿಸಿಹೋಗುತ್ತದೆ.

ಒಂದು ಎಚ್ಚರಿಕೆ: ಆತ್ಮಕ್ಕೆ ಹೀಬ್ರೂವಿನ 'ರೂಆಹ್' ಹೆಚ್ಚಾಗಿ ಸ್ತ್ರೀಲಿಂಗ, ಗ್ರೀಕಿನ 'ಪ್ನ್ಯೂಮ' ನಪುಂಸಕ. ದೇವರಲ್ಲಿ ಸ್ತ್ರೀತ್ವವಿದೆ ಎಂಬ ವಾದವನ್ನು ವ್ಯಾಕರಣದ ಲಿಂಗದ ಮೇಲೆ ಕಟ್ಟಿದರೆ ನಿಲ್ಲುವುದಿಲ್ಲ. ತಾಯಿ ಸಂತೈಸುವಂತೆ ಸಂತೈಸುವೆನು ಎಂದು ದೇವರು ಹೇಳುವ ಯೆಶಾಯ 66:13ರ ಹೋಲಿಕೆ ಅದಕ್ಕಿಂತ ಗಟ್ಟಿ.

ಮನೆಯಲ್ಲಿ ಬೇರೆ ಬೇರೆ ಅನುವಾದಗಳಿದ್ದರೆ ತನ್ನಿ. ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ, ಯಾವ ಅನುವಾದ ತರುತ್ತೀರಿ ಎಂದೂ ಬರೆಯಿರಿ.